ಹೊಳೆ ಬಂಗಲೆಯ ಮೇಡಂ

ಯಾರ ಮನೆಗೆ ಹೋದರೂ ಅವರು ಮೊದಲು ಗೋಡೆ ತಟ್ಟುತ್ತಿದ್ದರು. ಬನ್ನಿ, ಕೂತ್ಕೊಳ್ಳಿ, ಕಾಫಿ ತಗೊಳ್ಳಿ ಎಂದು ಮನೆಯವರು ಉಪಚಾರ ಮಾಡುತ್ತಿದ್ದರೆ ಇವರು ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಎರಡೇಟು ಹಾಕಿ, ಕಿವಿಗೊಟ್ಟು ಕೇಳಿ, ತೀರ್ಪು ಹೇಳಿಯೇ ಕೂರುವುದು. ನಾನು ಹಿರಿಯೂರಿನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡ ದಿನ ಹೋಳಿಗೆ ಊಟಕ್ಕೆ ಬಂದವರು ಪಡಸಾಲೆಯ ಗೋಡೆ ತಟ್ಟಿ, "ಇಲ್ಲಿ ಟೊಳ್ಳೈತೆ ನೋಡ್ರಿ. ಪ್ಲಾಸ್ಟರ್ ಹಿಡಿದಿಲ್ಲ" ಅಂದರು. ಕಟ್ಟಡದ ಉಸ್ತುವಾರಿ ನೋಡಿಕೊಂಡಿದ್ದವರು ನಮ್ಮ ಮಾವನವರು. ಅವರು ಅಲ್ಲೇ ಪಕ್ಕದಲ್ಲಿ ರೇಷ್ಮೆ ಪಂಚೆ ಉಟ್ಟು ನಿಂತಿದ್ದರು. ಆಮೇಲೆ ಬಹಳ ಕಾಲ ಮೇಡಂ ಹೆಸರು ಎತ್ತಿದರೆ ಸಾಕು, ಮಾವನವರ ಮುಖ ಹುಳ್ಳಗಾಗುತ್ತಿತ್ತು. ಗೋಡೆ ಮಾತ್ರ ಅವರು ತಟ್ಟಿದ ಜಾಗದಲ್ಲೇ ಹಕ್ಕಳೆ ಎದ್ದು ಉದುರಿತು.

ಎಲ್ಲರೂ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು. ಇಲ್ಲೂ ಹಾಗೇ ಬರೆಯುತ್ತೇನೆ. ಹೆಸರು ಬರೆಯಬೇಕೆಂದರೆ ಬರೆಯಬಹುದು, ಆದರೆ ಆ ಕೆಲಸವನ್ನು ಊರಿನವರು ಈಗಾಗಲೇ ಸಾಕಷ್ಟು ದೊಡ್ಡ ಅಕ್ಷರದಲ್ಲಿ ಮಾಡಿದ್ದಾರೆ. ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯವರು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರಿಗೂ ಇರಲಿಲ್ಲ. ಹಿರಿಯೂರಿನ ಕಾಲೇಜಿನಲ್ಲಿ ಅವರು ಇತಿಹಾಸ ಪಾಠ ಮಾಡುತ್ತಿದ್ದರು, ನಾನು ಕನ್ನಡ. ಹೊಳಲ್ಕೆರೆಯಿಂದ ವರ್ಗವಾಗಿ ಬಂದ ಮೊದಲ ದಿನವೇ ಅವರ ಜೊತೆ ಯಾವುದೋ ಪಾಳೆಯಗಾರನ ವಿಷಯಕ್ಕೆ ವಾದಕ್ಕಿಳಿದೆ. ಎಲ್ಲ ಕೇಳಿಸಿಕೊಂಡು, "ನಾನು ತಪ್ಪಿರಬಹುದು ಸಾರ್. ಸದ್ಯಕ್ಕೆ ನೀವು ತಪ್ಪು" ಎಂದು ಪುಸ್ತಕ ಎತ್ತಿಕೊಂಡು ಕ್ಲಾಸಿಗೆ ಹೋದರು. ಈ ಮಾತನ್ನು ಆಮೇಲೆ ಅವರ ಬಾಯಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅದರ ಮೊದಲರ್ಧವನ್ನು ಅವರು ಮನಸಾರೆ ಹೇಳುತ್ತಿದ್ದರು ಎಂದು ಗೊತ್ತಾಗಲು ನನಗೆ ಸಮಯ ಹಿಡಿಯಿತು.

ಪಾಠ ಮಾಡುವಾಗ ಯಾರಾದರೂ ವಿದ್ಯಾರ್ಥಿ ಎದ್ದು ನಿಂತು ಮೇಡಂ ಹೇಳಿದ್ದು ತಪ್ಪೆಂದು ತೋರಿಸಿಕೊಟ್ಟರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಬೋರ್ಡಿನ ಮೂಲೆಯಲ್ಲಿ "ಇವತ್ತು ಮೇಡಂ ತಪ್ಪಿದ್ದು" ಎಂದು ತಲೆಬರಹ ಹಾಕಿ, ಕೆಳಗೆ ತಪ್ಪನ್ನೂ ಸರಿಯನ್ನೂ ಬರೆದು, ಸಂಜೆಯವರೆಗೆ ಅಳಿಸಬಾರದೆಂದು ಹೇಳಿಹೋಗುತ್ತಿದ್ದರು. ಮುಂದಿನ ಪೀರಿಯಡ್ಡಿಗೆ ನಾನು ಹೋದಾಗ ಹುಡುಗರು ಅದನ್ನು ನೋಡಿ ಮುಸಿಮುಸಿ ನಗುತ್ತಿರುತ್ತಿದ್ದರು. ಒಮ್ಮೆ ಪ್ರಿನ್ಸಿಪಾಲರು ಇದರಿಂದ ಕಾಲೇಜಿನ ಮಾನ ಹೋಗುತ್ತದೆ ಎಂದು ಗೊಣಗಿದರು. ಪ್ರಿನ್ಸಿಪಾಲರ ನೋಟೀಸಿನಲ್ಲಿದ್ದ ತಪ್ಪುಗಳನ್ನು ತಿದ್ದಿ ಕಳಿಸಿದ್ದೇ ಮೇಡಂ ಕೊಟ್ಟ ಉತ್ತರ.

ಇಂಥವರ ಕಣ್ಣಿಗೆ ಹೊಳೆ ಬಂಗಲೆ ಬಿತ್ತು.

ಊರಿನಿಂದ ಮೇಲಕ್ಕೆ, ವೇದಾವತಿಯ ದಂಡೆಯ ಮೇಲೆ ಹಳೆಯ ಬಂಗಲೆಯೊಂದಿತ್ತು. ಮಾರಿಕಣಿವೆಯ ಅಣೆಕಟ್ಟೆ ಕಟ್ಟುವ ಕಾಲದಲ್ಲಿ ಕಲ್ಲಿನ ಗುತ್ತಿಗೆದಾರನೊಬ್ಬ ತನ್ನ ಬಿಡಾರಕ್ಕೆಂದು ಕಟ್ಟಿಸಿದ್ದು ಎನ್ನುತ್ತಾರೆ. ಹೊಳೆಗೆ ಮುಖ ಮಾಡಿದ ಉದ್ದನೆಯ ಜಗಲಿ, ದುಂಡು ಕಂಬಗಳು, ಕಾಂಪೌಂಡು ಗೋಡೆಯ ಮೇಲಿಂದ ಹಾದು ಹೊಳೆಗಿಳಿಯಲು ಕಲ್ಲಿನ ಮೆಟ್ಟಿಲು. ಅವನು ಕಟ್ಟಿಸುವಾಗ ಹೊಳೆ ಇತ್ತು. ಅವನೇ ಕಲ್ಲು ಹಾಕಿಸಿದ ಅಣೆಕಟ್ಟೆ ಎದ್ದು ನಿಂತ ಮೇಲೆ ನೀರು ಮೇಲೆಯೇ ನಿಂತಿತು, ಕೆಳಗೆ ಬರೀ ಮರಳು ಉಳಿಯಿತು. ಅಣೆಕಟ್ಟೆ ತುಂಬಿ ಹೆಚ್ಚಾದ ನೀರು ಹರಿದು ಹೋಗುವುದಕ್ಕೆ ನಮ್ಮಲ್ಲಿ ಕೋಡಿ ಬೀಳುವುದು ಎನ್ನುತ್ತಾರೆ. ಕೋಡಿ ಬಿದ್ದದ್ದನ್ನು ನೋಡಿದ್ದೇನೆ ಎನ್ನುವವರು ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಹಾಗಾಗಿ ಮೆಟ್ಟಿಲಿಳಿದರೆ ಸಿಗುತ್ತಿದ್ದದ್ದು ಜಾಲಿ ಮುಳ್ಳು, ಮರಳಿನ ಲಾರಿಯ ಗಾಲಿ ಗುರುತು ಮತ್ತು ಕುರಿಗಳಿಗೆ ನೀರು ಕುಡಿಸಲು ತೋಡಿದ ಒರತೆಗಳು.

ಬಂಗಲೆ ಯಾವುದೋ ಇಲಾಖೆಯದಾಗಿತ್ತು. ಸ್ವಲ್ಪ ಕಾಲ ಶೇಂಗಾ ತುಂಬುವ ಗೋಡೌನ್ ಆಗಿ, ಆಮೇಲೆ ಅದಕ್ಕೂ ಬೇಡವಾಗಿ ಬಿದ್ದಿತ್ತು. ತೇಗದ ಬಾಗಿಲು ಕಿಟಕಿ ಹರಾಜು ಹಾಕಿ ಬಂಗಲೆ ಕೆಡವುತ್ತಾರೆ ಎಂಬ ಸುದ್ದಿ ಹಬ್ಬಿದ ದಿನ ಮೇಡಂ ತಮ್ಮ ಟಿವಿಎಸ್ ಗಾಡಿ ಹತ್ತಿ ಹೊರಟರು. ಅಲ್ಲಿಂದ ಮುಂದೆ ಅವರ ಭಾನುವಾರಗಳೆಲ್ಲ ಅಲ್ಲೇ. ಜಿಲ್ಲಾ ಕೇಂದ್ರವಾದ ದುರ್ಗದ ಕಚೇರಿಗಳಿಗೆ ಅಲೆದರು, ಜೊತೆಗೆ ನನ್ನನ್ನೂ ಅಲೆಸಿದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, "ಆಫೀಸರ್ ಎದುರಿಗೆ ನೀವು ಮಾತಾಡಬ್ಯಾಡ್ರಿ ಸಾರ್, ನೀವು ಬಾಯಿ ಬಿಟ್ರೆ ವಚನ ಬರ್ತೈತೆ. ಸುಮ್ನೆ ಗಂಭೀರವಾಗಿ ಕುಂತ್ಕಳ್ರಿ" ಎಂದು ತಾಕೀತು ಮಾಡುತ್ತಿದ್ದರು. ಕೊನೆಗೆ ಒಬ್ಬ ಅಧಿಕಾರಿಯನ್ನು ಬಂಗಲೆಗೇ ಕರೆದುಕೊಂಡು ಬಂದು, ಜಗಲಿಯ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನಿಸಿ, ಗೋಡೆ ತಟ್ಟಿಸಿ, "ಎಲ್ಲಾದ್ರೂ ಟೊಳ್ಳೈತಾ ಹೇಳ್ರಿ" ಎಂದು ಪಟ್ಟು ಹಿಡಿದರು. ಆ ಮನುಷ್ಯನಿಗೆ ಗೋಡೆ ಗಟ್ಟಿ ಅನ್ನಿಸಿತೋ ಮಂಡಕ್ಕಿ ರುಚಿ ಅನ್ನಿಸಿತೋ, ಕೆಡವುವ ಮಾತು ನಿಂತಿತು. ಬಂಗಲೆಯನ್ನು ನೋಡಿಕೊಳ್ಳಲು ಅವರ ಹಳೆಯ ವಿದ್ಯಾರ್ಥಿಗಳದ್ದೇ ಒಂದು ಸಮಿತಿಯಾಯಿತು.

ರಿಪೇರಿ ಶುರುವಾಯಿತು. ಸಿಮೆಂಟ್ ಎಂಬ ಶಬ್ದವನ್ನು ಕಾಂಪೌಂಡಿನ ಒಳಗೆ ಆಡಕೂಡದು. ಸುಣ್ಣ, ಮರಳು, ಬೆಲ್ಲದ ನೀರು ಹಾಕಿ ಅರೆದ ಗಾರೆಯೇ ಆಗಬೇಕು. ಎನ್ನೆಸ್ಸೆಸ್ ಹುಡುಗರು ಗಾರೆಗೆ ಹಾಕುವ ಬೆಲ್ಲದಲ್ಲಿ ಅರ್ಧ ತಿಂದು ಮುಗಿಸಿದರು. ಮೇಡಂ ಬೈದು, ಮುಂದಿನ ವಾರ ಅವರಿಗೆಂದೇ ಬೇರೆ ಅಚ್ಚು ತಂದರು. ಹೊಸದುರ್ಗದ ತಂಗಿಯ ಮನೆಯಿಂದ ಬಂದ ತೆಂಗಿನಕಾಯಿ ಚೀಲಗಳೂ ಅಲ್ಲೇ ಕರಗಿದವು. ನಾನು ಪಂಪಭಾರತ ಬಿಟ್ಟು ಗಾರೆ ಕಲೆಸಲು ಕಲಿತದ್ದು ಆಗಲೇ. ಅವು ನಮ್ಮೆಲ್ಲರಿಗೂ ಒಳ್ಳೆಯ ದಿನಗಳು ಎಂದು ಈಗ ಅನ್ನಿಸುತ್ತದೆ.

ಹೊಳೆಯ ಕಡೆಯ ಕಾಂಪೌಂಡು ಗೋಡೆಯ ಬುಡದಲ್ಲಿ ಮೂರು ಗಂಡಿಗಳಿದ್ದವು. ಬಗ್ಗಿದರೆ ಆಳು ನುಸುಳುವಷ್ಟು ದೊಡ್ಡವು. ಜವನಗೊಂಡನಹಳ್ಳಿ ಕಡೆಯ ಕುರುಬರು ಹಿಂಡನ್ನು ಬಂಗಲೆಯ ಅಂಗಳಕ್ಕೆ ಹೊಡೆದು, ಈ ಗಂಡಿಗಳಲ್ಲಿ ನುಗ್ಗಿಸಿ, ಒರತೆಗೆ ಇಳಿಸುತ್ತಿದ್ದರು. ಊರಿನವರು ಅವನ್ನು ಕುರಿಗಂಡಿ ಎಂದೇ ಕರೆಯುತ್ತಿದ್ದರು. ಕುರಿಗಳು ಹೋಗುವಾಗ ಬರುವಾಗ ಜಗಲಿ ಹತ್ತುತ್ತಿದ್ದವು, ಹೊಸ ಗಾರೆಗೆ ಮೈ ಉಜ್ಜುತ್ತಿದ್ದವು, ಹಿಕ್ಕೆ ಹಾಕುತ್ತಿದ್ದವು. ಮೇಡಂಗೆ ತಡೆಯಲಾಗಲಿಲ್ಲ. ಕುರಿ ಹಾಯಿಸಲೆಂದು ಯಾರೋ ಆಮೇಲಾಮೇಲೆ ಗೋಡೆ ಒಡೆದಿದ್ದಾರೆ, ಗುತ್ತಿಗೆದಾರ ಇಷ್ಟು ಚೆಂದದ ಗೋಡೆ ಕಟ್ಟಿ ಕೆಳಗೆ ತೂತು ಯಾಕೆ ಬಿಡುತ್ತಾನೆ ಎಂಬುದು ಅವರ ವಾದ. ಮೂಲದಲ್ಲಿ ಹೇಗಿತ್ತೋ ಹಾಗೆ ಆಗಬೇಕು, ಗಂಡಿ ಮುಚ್ಚಬೇಕು ಎಂದರು. ಗಂಡಿಯ ಅಂಚಿನ ಕಲ್ಲುಗಳು ಕೈ ಆಡಿಸಿದರೆ ಜಾರುವಷ್ಟು ನುಣುಪಾಗಿದ್ದವು. ಅದನ್ನು ನೋಡಿಯೂ ಇದ್ದರು. "ಎಷ್ಟು ತಲೆಮಾರಿನ ಕುರಿ ಉಜ್ಜಿದಾವೋ ನೋಡ್ರಿ" ಎಂದು ನಮಗೇ ತೋರಿಸಿದರು. ನಾವೂ ತಲೆದೂಗಿದೆವು.

ಒಬ್ಬ ಹಿರಿಯ ಕುರುಬ ಮಾತ್ರ ಜಗಳಕ್ಕೆ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

"ನಮ್ಮಪ್ಪನ ಕಾಲದಿಂದ ಇದೇ ಗಂಡ್ಯಾಗೆ ಹೊಡಕಂಡು ಹೋಗೀವಿ ಮೇಡಮ್ಮ. ಈಗ ಮುಚ್ಚಿದ್ರೆ ಊರು ಸುತ್ತಿ ಹೋಗ್ಬೇಕು. ಹಿಂಗ್ಯಾಕ್ ಮಾಡ್ತೀರಿ?"

"ಕುರಿಗೆ ಊರೆಲ್ಲ ದಾರಿ ಐತಪ್ಪ. ಈ ಬಂಗ್ಲೆಗೆ ಇರೋದು ಇದೊಂದೇ ಮೈ" ಅಂದರು ಮೇಡಂ.

ಅವನಿಗೂ ಗಂಡಿಯ ಮೂಲ ಗೊತ್ತಿರಲಿಲ್ಲ, ಬಳಸು ದಾರಿಯ ಕಷ್ಟ ಮಾತ್ರ ಗೊತ್ತಿತ್ತು. ಗೊಣಗಿಕೊಂಡು ಹೋದ. ಮೂರೂ ಗಂಡಿಗಳನ್ನು ಸೈಜುಗಲ್ಲು ಹಾಕಿ, ಗಾರೆ ಮೆತ್ತಿ ಮುಚ್ಚಿದೆವು. ಅವತ್ತು ಬಂಗಲೆಯಲ್ಲಿ ಸಣ್ಣ ಸಮಾರಂಭವೇ ನಡೆಯಿತು. ಮೇಡಂ ಮುಚ್ಚಿದ ಜಾಗವನ್ನು ಒಂದೊಂದಾಗಿ ತಟ್ಟಿ ನೋಡಿ, ಎಲ್ಲೂ ಟೊಳ್ಳಿಲ್ಲ ಎಂದು ಸಾರಿದರು. ಎಲ್ಲರೂ ಚಪ್ಪಾಳೆ ಹೊಡೆದೆವು.

ಅವರು ನಿವೃತ್ತರಾದ ಮೇಲೆ ಒಂದು ವರ್ಷ, ನಮ್ಮ ಸೀಮೆ ಕಂಡು ಕೇಳರಿಯದಂಥ ಮಳೆ ಹಿಡಿಯಿತು. ಅಣೆಕಟ್ಟೆ ತುಂಬಿತು. ಕೋಡಿ ಬಿತ್ತು. ವೇದಾವತಿಯಲ್ಲಿ ನೀರು ಬಂತು!

ಊರಿಗೆ ಊರೇ ಹೊಳೆ ನೋಡಲು ಎದ್ದು ಹೊರಟಿತು. ಹೆಂಗಸರು ಮೊರದ ಬಾಗಿನ ತಂದು ಬಿಟ್ಟರು. ಹುಡುಗರು ಫೋನ್ ಹಿಡಿದು ಕುಣಿದರು. ಮುದುಕರು ಸುಮ್ಮನೆ ದಂಡೆಯ ಮೇಲೆ ಕೂತು ಅತ್ತರು. ಬಂಗಲೆಗೆ ಹೋಗುವ ದಾರಿಯಲ್ಲಿ ಒಂದು ಹಳ್ಳವಿದೆ, ಅದನ್ನು ದಾಟಲು ಇದ್ದ ಮೋರಿ ಕಿತ್ತುಹೋಗಿತ್ತು. ಹಾಗಾಗಿ ನಾನೂ ಮೇಡಂ ಅವರೂ ಹಳ್ಳದ ಈಚೆಗೇ ಹೊಳೆ ದಂಡೆಯ ಮೇಲೆ ನಿಂತು ನೋಡಿದೆವು. ಮೇಡಂ ಸೀರೆ ಎತ್ತಿ ಸಿಕ್ಕಿಸಿಕೊಂಡು, ಮೊಣಕಾಲವರೆಗೆ ನೀರಿಗಿಳಿದು, ನನ್ನ ಮುಖಕ್ಕೆ ಬೊಗಸೆ ನೀರು ಎರಚಿದರು. "ಹೊಳೆ ಬಂತಲ್ರೀ ಸಾರ್! ಹೊಳೆ ಬಂತು!" ಅಷ್ಟು ವರ್ಷದ ಒಡನಾಟದಲ್ಲಿ ಅವರು ಕೂಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆಚೆ ಬಂಗಲೆಯ ಅಂಗಳಕ್ಕೂ ನೀರು ಹೊಕ್ಕಿತ್ತು. ಹೊಳೆಯಿಂದ ನೇರವಾಗಿ ಅಲ್ಲ, ತುಂಬಿದ ಹೊಳೆಯ ಒತ್ತಿಗೆ ಹಿಂದಿನ ಆ ಹಳ್ಳ ಉಕ್ಕಿ, ಎತ್ತರದಲ್ಲಿರುವ ದೊಡ್ಡ ಗೇಟಿನ ಕಡೆಯಿಂದ. ನನಗೆ ಗಾಬರಿಯಾಯಿತು. ಮೇಡಂ ಕೈ ಬೀಸಿದರು. "ಬರ್ಲಿ ಬಿಡ್ರಿ. ಹೊಳೆ ಬಂಗ್ಲೆಗೆ ಹೊಳೆ ಬರಬಾರದಾ? ಬಂದಂಗೇ ಹೋಗ್ತೈತೆ."

ಒಂದೆರಡು ದಿನಕ್ಕೆ ಹೊಳೆ ಇಳಿಯಿತು. ಮುಳುಗಿದ್ದ ಮೆಟ್ಟಿಲುಗಳು ಒಂದೊಂದಾಗಿ ಕಾಣಿಸಿಕೊಂಡವು. ಮಧ್ಯಾಹ್ನದ ಹೊತ್ತು, ಅದೇ ಜಾಗದಲ್ಲಿ ನಿಂತಿದ್ದೆವು. ಮೇಡಂ ಬಹಳ ಹೊತ್ತು ನೋಡಿ, "ಸಾರ್, ಹೊಳೆ ಇಳಿದೈತೆ. ಅಂಗಳದ ನೀರು ಯಾಕೆ ಇಳಿದಿಲ್ಲ?" ಅಂದರು.

ನಿಜ. ಗೋಡೆಯ ಹೊರಗೆ ಮರಳು ಕಾಣುತ್ತಿತ್ತು. ಗೋಡೆಯ ಒಳಗೆ ಬಂಗಲೆ ಕೆರೆಯ ನಡುವೆ ನಿಂತಂತೆ ನಿಂತಿತ್ತು. "ಇಳೀತೈತೆ ಬಿಡ್ರಿ ಮೇಡಂ" ಅಂದೆ, ಏನಾದರೂ ಹೇಳಬೇಕಲ್ಲ ಎಂದು.

ನಾವು ಗಾರೆ ಮೆತ್ತಿದ ಮೂರು ಜಾಗಗಳು ಅಷ್ಟು ದೂರಕ್ಕೂ ಬೆಳ್ಳಗೆ ಕಾಣುತ್ತಿದ್ದವು. ಮೇಡಂ ಕಣ್ಣು ಅಲ್ಲಿಂದ ಕದಲಲಿಲ್ಲ.

"ಕುರಿಗೆ ಮಾಡಿದ್ದಲ್ಲ ಸಾರ್ ಅವು. ನೀರಿಗೆ ಮಾಡಿದ್ದು."

ಹಿಂದಿನಿಂದ ಹಳ್ಳ ನುಗ್ಗಿದರೆ ಮುಂದಿನಿಂದ ಹೊಳೆಗೆ ಹರಿದು ಹೋಗಲಿ ಎಂದು, ಅಂಚನ್ನು ನುಣುಪಾಗಿ ಕೆತ್ತಿಸಿ, ಹೊಳೆಯನ್ನು ಕಂಡಿದ್ದ ಮನುಷ್ಯ ಬಿಟ್ಟಿದ್ದ ದಾರಿ ಅದು. ನಾವು ಹೊಳೆಯನ್ನು ಕಂಡವರಲ್ಲ. ನಮ್ಮ ಪಾಲಿಗೆ ವೇದಾವತಿ ಎಂದರೆ ಮರಳು. ಅದರಲ್ಲಿ ನೀರು ಬಂದೀತು ಎಂಬ ಯೋಚನೆ, ಜೀವಮಾನವೆಲ್ಲ ಇತಿಹಾಸ ಓದಿದ ಅವರಿಗೂ ಬರಲಿಲ್ಲ.

ಮೇಡಂ ದಂಡೆಯ ಮೇಲಿದ್ದ ಹುಡುಗರ ಹತ್ತಿರ ಓಡಿದರು. "ಲೇ, ಹಾರೆ ತಗಂಡು ಹೋಗ್ರೋ, ಗೋಡೆ ಒಡೀರೋ" ಎಂದು ಅಂಗಲಾಚಿದರು. ಹಳ್ಳದ ಸೆಳವು ಇನ್ನೂ ಜೋರಾಗಿತ್ತು, ಯಾರನ್ನೂ ಕಳಿಸುವ ಹಾಗಿರಲಿಲ್ಲ. ನಾಲ್ಕಾರು ದಿನ ನೀರು ಹಾಗೇ ನಿಂತಿತು. ಮೇಡಂ ದಿನವೂ ಬಂದು ನಿಲ್ಲುತ್ತಿದ್ದರು. ಅವರ ಕಣ್ಣೆದುರಿಗೇ ಮಣ್ಣಿನ ಬುನಾದಿ ನೆನೆದು, ಹೊಳೆಮುಖದ ಜಗಲಿ ಕಂಬಗಳ ಸಮೇತ ಕುಸಿಯಿತು. ಹಿಂದಿನ ಎರಡು ಕೋಣೆಯೂ ನಡುಮನೆಯೂ ಉಳಿದವು. ಜಗಲಿ ಬೀಳುವಾಗ ನಮ್ಮ ಪಕ್ಕದಲ್ಲಿದ್ದ ಯಾರೋ ಸಿಳ್ಳೆ ಹಾಕಿದರು, ಫೋನಿನಲ್ಲಿ ಅದು ಚೆನ್ನಾಗಿ ಬಂದಿತ್ತಂತೆ. ಮೇಡಂ ತಿರುಗಿ ನೋಡಲೂ ಇಲ್ಲ. "ಹೋಗಾಣ ಬರ್ರಿ ಸಾರ್" ಅಂದರು.

ದಾರಿಯಾದ ಮೇಲೆ ಹುಡುಗರು ಹೋಗಿ ಗೋಡೆ ಒಡೆದು ನೀರು ಬಿಟ್ಟರು. ಗಂಡಿ ಮುಚ್ಚಿದ್ದ ಕಡೆ ಒಡೆಯಲಾಗದೆ ಸುಸ್ತಾಗಿ ಪಕ್ಕದಲ್ಲಿ ಒಡೆದರಂತೆ. ಅದನ್ನು ಕೇಳಿ ಮೇಡಂ ಒಂದು ಥರ ನಕ್ಕರು. "ನೋಡ್ರಿ, ಕಳಪೆ ಕಾಮಗಾರಿ ಆಗಿದ್ರೆ ಮೊದಲ್ನೇ ನೀರಿಗೇ ಕಿತ್ತು ಹೋಗಿ ಬಂಗ್ಲೆ ಉಳೀತಿತ್ತು. ನಾವು ಗಟ್ಟಿಯಾಗಿ ಮಾಡಿದ್ವಿ." ಆ ನಗು ನನಗೆ ಇವತ್ತಿಗೂ ಬೇಡ.

ಆ ಕುರುಬನ ಊರಿಗೂ ಹೋಗಿ ತಪ್ಪಾಯಿತು ಎಂದು ಹೇಳಿ ಬಂದರು. ಅವನಿಗೆ ತಲೆಬುಡ ಅರ್ಥವಾಗಲಿಲ್ಲ. "ಅದ್ಕೇನಾತು ಬಿಡ್ರಿ ಮೇಡಮ್ಮ, ಕುರಿಗೆ ಹೊಸ ದಾರಿ ರೂಢಿ ಆಗೈತೆ. ಮಜ್ಜಿಗೆ ಕುಡೀರಿ" ಅಂದನಂತೆ.

ಆಮೇಲೆ ಅವರು ಗೋಡೆ ತಟ್ಟುವುದನ್ನು ಬಿಟ್ಟರು. ನಮ್ಮ ಮನೆಗೆ ಬಂದರೂ ಸುಮ್ಮನೆ ಕುರ್ಚಿಯಲ್ಲಿ ಕೂರುತ್ತಿದ್ದರು. ನನ್ನ ಹೆಂಡತಿಗೆ ಅದನ್ನು ನೋಡಿ ಸಂಕಟ. ಒಂದು ದಿನ ತಾನೇ ಹೊಸದಾಗಿ ಪ್ಲಾಸ್ಟರ್ ಮಾಡಿಸಿದ ಗೋಡೆ ತೋರಿಸಿ, "ತಟ್ಟಿ ನೋಡಿ ಮೇಡಂ" ಎಂದು ಒತ್ತಾಯ ಮಾಡಿದಳು. "ಚೆನ್ನಾಗೈತಮ್ಮ" ಎಂದರೇ ಹೊರತು ಕೈ ಎತ್ತಲಿಲ್ಲ.

ಒಂದೇ ಆಸೆ ಉಳಿದಿತ್ತು. ಗೋಡೆಯನ್ನು ಮತ್ತೆ ಕಟ್ಟುವಾಗ ಮೂರೂ ಗಂಡಿ ಬಿಡಬೇಕು, ಪಕ್ಕದಲ್ಲಿ ಒಂದು ಕಲ್ಲಿನ ಫಲಕ ಹಾಕಬೇಕು. ಅದರಲ್ಲಿ ಹೀಗೆ ಬರೆಸಬೇಕೆಂದು ಸಮಿತಿಗೆ ಹೇಳಿದರು: "ಈ ಗಂಡಿಗಳು ಹೊಳೆಗೆ ನೀರು ಹೋಗಲು ಬಿಟ್ಟವು. ಕುರಿಗಾಗಿ ಒಡೆದದ್ದೆಂದು ತಪ್ಪು ತಿಳಿದು ಇವನ್ನು ಮುಚ್ಚಿಸಿದವಳು ನಾನು. ಬಂಗಲೆಯ ಮುಂಭಾಗ ಬಿದ್ದದ್ದು ಅದರಿಂದ." ಕೆಳಗೆ ಅವರ ಪೂರ್ತಿ ಹೆಸರು.

ಸಮಿತಿಯ ಅಧ್ಯಕ್ಷ ಅವರ ಹಳೆಯ ವಿದ್ಯಾರ್ಥಿ, ಈಗ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಮೇಡಂ ಎಂದರೆ ಅವನಿಗೆ ಜೀವ. "ನಿಮ್ಮ ಮುಖಕ್ಕೆ ನೀವೇ ಮಸಿ ಬಳಕಂತೀರಾ ಮೇಡಂ? ನಾವು ಬಿಡಲ್ಲ" ಅಂದ.

"ಮಸಿ ಅಲ್ಲ ಕಣಪ್ಪ. ಮುಂದೆ ಬರೋರಿಗೆ ಗೊತ್ತಾಗಬೇಕಲ್ಲ. ಇಲ್ದಿದ್ರೆ ಇನ್ಯಾರೋ ಮುಚ್ತಾರೆ. ಉಳಿದಿರೋ ಎರಡು ಕೋಣೆನೂ ಹೋಗ್ತಾವೆ."

"ನೋಡಾಣ ಬಿಡ್ರಿ ಮೇಡಂ, ಅರ್ಜೆಂಟೇನೈತೆ" ಎಂದು ಅವನು ಕಾಫಿ ತರಿಸಿದ. ಹೀಗೆ ಹೋದಾಗಲೆಲ್ಲ ಕಾಫಿಯಾಯಿತು. ಅಷ್ಟರಲ್ಲಿ ಮೇಡಂ ಕಾಯಿಲೆ ಬಿದ್ದರು. ಹೊಸದುರ್ಗದ ತಂಗಿಯ ಮನೆಯಲ್ಲಿ, ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದವರು ನನ್ನನ್ನು ಕಂಡಾಗಲೂ ಕೇಳಿದ್ದು ಅದನ್ನೇ. "ಫಲಕ ಬ್ಯಾಡಾದ್ರೆ ಹೋಗ್ಲಿ ಸಾರ್. ಗಂಡಿ ಬಿಡ್ತಾರಾ?" ಬಿಡುತ್ತಾರೆ ಮೇಡಂ ಎಂದು ಹೇಳಿ ಬಂದೆ. ಹಾಗೆಂದು ನಾನು ನಿಜವಾಗಿಯೂ ನಂಬಿದ್ದೆ. ಆ ತಿಂಗಳೇ ಹೋಗಿಬಿಟ್ಟರು.

ಶ್ರದ್ಧಾಂಜಲಿ ಸಭೆಗೆ ಕಾಲೇಜಿನ ಹಾಲ್ ತುಂಬಿತ್ತು. ಮಾತಾಡಿದವರೆಲ್ಲ ಮೇಡಂ ಬಂಗಲೆಯನ್ನು ಉಳಿಸಿದ್ದನ್ನೇ ಹೇಳಿದರು, ಜಗಲಿ ಬಿದ್ದದ್ದನ್ನು ಮಳೆಯ ಲೆಕ್ಕಕ್ಕೆ ಹಾಕಿದರು. ನನ್ನ ಸರದಿ ಬಂದಾಗ ಗಂಡಿಯ ವಿಷಯ ಎತ್ತಿದೆ. ಅವರೇ ಮುಚ್ಚಿಸಿದ್ದು, ತಪ್ಪು ಎಂದು ಅವರೇ ಒಪ್ಪಿಕೊಂಡಿದ್ದು, ಫಲಕಕ್ಕೆ ಬೇಡಿಕೊಂಡಿದ್ದು, ಎಲ್ಲ ಹೇಳಿದೆ. ಹಾಲಿನಲ್ಲಿ ಗುಸುಗುಸು ಎದ್ದಿತು. ಮುಂದಿನ ಸಾಲಿನಿಂದ ಒಬ್ಬರು, "ಸತ್ತೋರ ಬಗ್ಗೆ ಹಿಂಗೆಲ್ಲ ಮಾತಾಡಬ್ಯಾಡ್ರಿ ಸಾರ್, ಪಾಪ" ಅಂದರು. ನನಗೆ ಮೇಡಂ ಜೊತೆ ಏನೋ ಹಳೆಯ ಅಸಮಾಧಾನ ಇತ್ತೆಂದು ಊರಿನಲ್ಲಿ ಮಾತಾಯಿತು. ಅದೇ ಸಭೆಯಲ್ಲಿ ಅವರ ನೆನಪಿಗೆ ಹೊಳೆಯ ಕಡೆಯ ಗೋಡೆಯನ್ನು ಹೊಸದಾಗಿ ಕಟ್ಟಿಸುವುದೆಂದು ತೀರ್ಮಾನವೂ ಆಯಿತು.

ಬುನಾದಿ ತೆಗೆದ ದಿನದಿಂದ ನಾನು ಅಧ್ಯಕ್ಷನ ಅಂಗಡಿಗೆ ಅಲೆದೆ. ಬೇಡಿಕೊಂಡೆ, ರೇಗಿದೆ, ಚಿತ್ರ ಬರೆದು ತೋರಿಸಿದೆ. ಅವನು ಒಳ್ಳೆಯ ಹುಡುಗ, ಒಮ್ಮೆಯೂ ಎದುರು ಮಾತಾಡಲಿಲ್ಲ. ಕೊನೆಗೆ ಕೈ ಮುಗಿದು ಹೇಳಿದ:

"ನೀವು ಹೇಳೋದು ಸರಿ ಇರಬೌದು ಸಾರ್. ಆದ್ರೆ ಮೇಡಂ ಹೆಸರಿನ ಗೋಡೆಗೆ ತೂತು ಬಿಡಾಕಾಗ್ತೈತಾ? ನೋಡಿದೋರು ಏನಂತಾರೆ?"

ಗೋಡೆ ಮುಗಿದಿದೆ. ಸಿಮೆಂಟಿನದು, ಗಟ್ಟಿಯಾಗಿದೆ, ಬುಡದಿಂದ ತುದಿಯವರೆಗೆ ಎಲ್ಲೂ ಸಂದಿಲ್ಲ. ಕರಿಕಲ್ಲಿನ ಮೇಲೆ ಹೊಂಬಣ್ಣದ ಅಕ್ಷರದಲ್ಲಿ ಅವರ ಹೆಸರಿದೆ, ಕೆಳಗೆ "ಹೊಳೆ ಬಂಗಲೆಯನ್ನು ಉಳಿಸಿದ ಮಹಾತಾಯಿ" ಎಂದಿದೆ. ಈ ಸಲವೂ ಮಳೆ ಚೆನ್ನಾಗಿದೆ. ಅಣೆಕಟ್ಟೆಯಲ್ಲಿ ದಿನಾ ನೀರು ಏರುತ್ತಿದೆ ಎಂದು ಊರೆಲ್ಲ ಖುಷಿಯಲ್ಲಿದೆ, ಸಂತೆಯಲ್ಲಿ, ಬಸ್ಸಿನಲ್ಲಿ ಅದೇ ಮಾತು. ಹನಿ ನೀರಿಗೆ ಬಾಯಿ ಬಿಡುವ ಈ ಸೀಮೆಯಲ್ಲಿ ಹುಟ್ಟಿ, ಕೋಡಿ ಬೀಳದಿರಲಪ್ಪ ಎಂದು ಬೇಡಿಕೊಳ್ಳುತ್ತಿರುವವನು ನಾನೊಬ್ಬನೇ ಇರಬೇಕು.